ಬಿಲಸ್ವರ್ಗದ ಎಲುಬಿನ ಮನೆ

ಕಡಪ ಕಲ್ಲಿನ ಅಡುಗೆಕಟ್ಟೆ ಇರುವ ಮನೆಯವರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿ, ಕಟ್ಟೆ ಒರೆಸದೆ ಮಲಗಿದರೆ ಬೆಳಗಾಗುವಷ್ಟರಲ್ಲಿ ಅಲ್ಲೊಂದು ಬೆಳ್ಳನೆಯ ಮಚ್ಚೆ ಕೂತಿರುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹೋಗುವುದಕ್ಕೆ ಅಲ್ಲಿ ಕೊಳೆಯೇನೂ ಅಂಟಿಲ್ಲ, ಕಲ್ಲಿನ ಮೇಲ್ಮೈಯೇ ಒಂದಿಷ್ಟು ಕರಗಿ ಹೋಗಿದೆ. ಹುಣಸೆ ರಸ ಚೆಲ್ಲಿದರೂ ಇದೇ ಗತಿ. ಕಪ್ಪಗೆ ನುಣ್ಣಗೆ ಮಿರುಗುವ ಆ ಹಾಸು ಅಸಲಿಗೆ ಸುಣ್ಣದ ಕಲ್ಲು. ಹುಳಿ ಅದಕ್ಕೆ ಆಗಿಬರುವುದಿಲ್ಲ.

ಮಳೆನೀರಿನಲ್ಲೂ ಒಂದು ಸಣ್ಣ ಹುಳಿ ಇದೆ. ಗಾಳಿಯಿಂದ, ಅದಕ್ಕಿಂತ ಹೆಚ್ಚಾಗಿ ಮಣ್ಣಿನೊಳಗಿಂದ, ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ನೆಲಕ್ಕಿಳಿಯುತ್ತದೆ. ನಿಂಬೆರಸದ ಮುಂದೆ ಈ ಹುಳಿ ಏನೇನೂ ಅಲ್ಲ, ಆದರೆ ಅದಕ್ಕೆ ಅವಸರವೂ ಇಲ್ಲ. ಕಲ್ಲಿನ ಬಿರುಕಿಗೆ ಇಳಿದು, ಬಿರುಕನ್ನು ಸಂದು ಮಾಡಿ, ಸಂದನ್ನು ಕೊಳವೆ ಮಾಡಿ, ಕೊಳವೆಯನ್ನು ಗವಿ ಮಾಡಿ ಮುಂದೆ ಸಾಗುತ್ತದೆ. ಲಕ್ಷಾಂತರ ವರ್ಷಗಳ ಮೇಲೆ ಒಂದು ದಿನ ಗವಿಯ ಸೂರು ಕುಸಿದು ಬೀಳುತ್ತದೆ. ಆಗ ಬಯಲಿನ ನಟ್ಟನಡುವೆ ಒಂದು ಕಮರಿ ಬಾಯಿ ತೆರೆದುಕೊಳ್ಳುತ್ತದೆ.

ಆಂಧ್ರದ ಬೇತಂಚೆರ್ಲದ ಬಳಿ ಆಗಿರುವುದು ಹೀಗೆ. ಮೊದಲು ಕರ್ನೂಲು ಜಿಲ್ಲೆಯಲ್ಲಿದ್ದು 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದ ಈ ಊರು ಗುಂತಕಲ್‌ನಿಂದ ನಂದ್ಯಾಲಕ್ಕೆ ಹೋಗುವ ರೈಲು ಹಾದಿಯಲ್ಲಿದೆ. ಬಳ್ಳಾರಿಯ ಕಡೆಯಿಂದ ಹೋಗುವವರಿಗೆ ದೂರದ ಊರೇನಲ್ಲ. ಸುತ್ತಮುತ್ತ ಕಲ್ಲಿನದೇ ವ್ಯವಹಾರ. ನೆಲದಿಂದ ಹಾಳೆ ಹಾಳೆಯಾಗಿ ಎಬ್ಬಿಸಿದ ಸುಣ್ಣಕಲ್ಲನ್ನು ಕತ್ತರಿಸಿ, ಪಾಲಿಶ್ ಹಾಕಿ, ಮನೆ ಕಟ್ಟುವವರಿಗೆ ಮಾರುತ್ತಾರೆ. ಭೂವಿಜ್ಞಾನಿಗಳು ಇದನ್ನು ನರ್ಜಿ ಸುಣ್ಣಕಲ್ಲು ಎನ್ನುತ್ತಾರೆ. ಪ್ರವಾಸಿಗರು ಸಾಲುಗಟ್ಟಿ ಹೋಗುವ ಬೇಲಂ ಗವಿ ಕೊರೆದಿರುವುದೂ ಇದೇ ಕಲ್ಲಿನಲ್ಲಿ. ಮೂರು ಕಿಲೋಮೀಟರಿಗೂ ಉದ್ದದ ಬೇಲಂನಲ್ಲಿ ವಿದ್ಯುತ್ ದೀಪವಿದೆ, ಟಿಕೆಟ್ ಇದೆ, ಮೆಟ್ಟಿಲಿದೆ. ಬೇತಂಚೆರ್ಲದ ಕಮರಿಗೆ ಅಂಥ ಜನಜಂಗುಳಿಯಿಲ್ಲ. ಆದರೆ ಭಾರತದಲ್ಲಿ ಆದಿಮಾನವನ ಹುಡುಕಾಟದ ಕಥೆ ಹೇಳಬೇಕಾದರೆ ಬೇಲಂ ಬಿಟ್ಟು ಇಲ್ಲಿಗೇ ಬರಬೇಕು.

ಹೆಸರು ಬಿಲಸ್ವರ್ಗಂ. ಇಂಗ್ಲಿಷರ ಬರಹದಲ್ಲಿ ಅದು ಬಿಲ್ಲ ಸೂರ್ಗಂ, ಬಿಲ್ಲಾಸರ್ಗಂ ಎಂದೆಲ್ಲ ಆಗಿದೆ. ಬಿಲ, ಸ್ವರ್ಗ ಎರಡೂ ನಮಗೂ ಗೊತ್ತಿರುವ ಮಾತೇ. ಸ್ವರ್ಗ ಮೇಲಿರಬೇಕು, ಬಿಲ ಕೆಳಗಿರಬೇಕು. ಎರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದವರ ತಮಾಷೆಗೆ ತಲೆದೂಗಬೇಕು. ಜಾಗವೂ ಹಾಗೇ ಇದೆ. ಕುರುಚಲು ಬೆಳೆದ ಬೋಳುನೆಲದ ಮೇಲೆ ನಡೆದು ಬರುವವರಿಗೆ ಹತ್ತಿರ ಬರುವ ತನಕ ಏನೂ ಕಾಣುವುದಿಲ್ಲ. ನೆಲ ಒಮ್ಮೆಗೇ ಮುಗಿದು, ಕಾಲ ಕೆಳಗೆ ಕಲ್ಲಿನ ಗೋಡೆಗಳ ಓಣಿಯೊಂದು ತೆರೆದುಕೊಳ್ಳುತ್ತದೆ. ಕುಸಿಯದೆ ಉಳಿದ ಸೂರಿನ ತುಂಡುಗಳು ಅಲ್ಲಲ್ಲಿ ಕಮಾನಿನಂತೆ ನಿಂತಿವೆ. ಓಣಿಯ ಇಕ್ಕೆಲದಲ್ಲಿ ಗವಿಗಳ ಬಾಯಿ. ಬಿಸಿಲು ಮೇಲೆಯೇ ಉಳಿದು, ಒಳಗೆ ಬಾವಲಿ ಹಿಕ್ಕೆಯ ವಾಸನೆ ಬೆರೆತ ತಂಪು.

ಈ ಕಮರಿಯನ್ನು ಮೊದಲು ಕಾಗದದ ಮೇಲೆ ತಂದವನು ಮದ್ರಾಸ್ ಸೈನ್ಯದ ಕ್ಯಾಪ್ಟನ್ ಥಾಮಸ್ ಜಾನ್ ನ್ಯೂಬೋಲ್ಡ್. ಹೆಸರಿಗೆ ಸಿಪಾಯಿ, ಕಸುಬಿಗೆ ಕಲ್ಲು ನೋಡುವವನು. ಕರ್ನೂಲಿನ ನವಾಬಿ 1839ರಲ್ಲಿ ಕಂಪನಿ ಸರ್ಕಾರದ ಪಾಲಾದ ಮೇಲೆ ಅಲ್ಲಿಗೆ ಅಧಿಕಾರಿಯಾಗಿ ಬಂದ. 1844ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಿಲ್ಲ ಸೂರ್ಗಂ ಗವಿಗಳ ಎಲುಬಿನ ರಾಶಿಯ ಬಗ್ಗೆ ಎರಡೇ ಪುಟದ ಟಿಪ್ಪಣಿ ಬರೆದ. ಶೀರ್ಷಿಕೆಯಲ್ಲೇ ಅಕ್ಷಾಂಶ 15 ಡಿಗ್ರಿ 25 ನಿಮಿಷ, ರೇಖಾಂಶ 78 ಡಿಗ್ರಿ 15 ನಿಮಿಷ ಎಂದು ಸ್ಥಳದ ಗುರುತು ಹಾಕಿದ. ಮುಂದೆ ಯಾರಾದರೂ ಹುಡುಕಿಕೊಂಡು ಬಂದಾರು ಎಂದು ಅವನಿಗೆ ಅನಿಸಿತ್ತೋ ಏನೋ. ಬರಲು 40 ವರ್ಷ ಹಿಡಿಯಿತು, ಅಷ್ಟರಲ್ಲಿ ಅವನು ಇರಲಿಲ್ಲ. 1850ರಲ್ಲೇ ಮಹಾಬಲೇಶ್ವರದಲ್ಲಿ ತೀರಿಕೊಂಡಿದ್ದ.

ಇದೇ ನ್ಯೂಬೋಲ್ಡ್ ಬಳ್ಳಾರಿ ಸೀಮೆಯವರಿಗೆ ಬೇರೊಂದು ಕಾರಣಕ್ಕೆ ಗೊತ್ತಿರಬೇಕಾದವನು. ಕಪ್ಪಗಲ್ಲಿನ ಬೂದಿದಿಬ್ಬಗಳ ಬಗ್ಗೆ ಮೊದಮೊದಲು ಬರೆದವರಲ್ಲಿ ಅವನೂ ಒಬ್ಬ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂದು ಅಲ್ಲಿಯ ಜನ ಹೇಳಿದ್ದನ್ನೂ ಬರೆದಿಟ್ಟ. 1836ರ ಟಿಪ್ಪಣಿಯಲ್ಲಿ ಇಂಥ ಬೂದಿಗಟ್ಟಿಯನ್ನು ಜ್ವಾಲಾಮುಖಿಯ ಕಿಟ್ಟ ಎಂದು ಭಾವಿಸಿದ್ದ. ಅದು ಹೊಸ ಶಿಲಾಯುಗದ ದನಗಾಹಿಗಳು ಸಗಣಿ ರಾಶಿಗೆ ಬೆಂಕಿಯಿಟ್ಟ ಬೂದಿ ಎಂದು ಇತ್ಯರ್ಥವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಇದರ ಚೋದ್ಯ ಬೇರೆಯೇ ಇದೆ. ಬಳ್ಳಾರಿಯಲ್ಲಿ ಇಲ್ಲದ ಜ್ವಾಲಾಮುಖಿಯ ಬೂದಿ, ನಿಜವಾಗಿಯೂ ಜ್ವಾಲಾಮುಖಿಯದೇ ಬೂದಿ, ಅವನು ಮುಂದೆ ಅಧಿಕಾರ ನಡೆಸಿದ ಕರ್ನೂಲು ಸೀಮೆಯಲ್ಲೇ ನೆಲದಡಿ ಹಾಸಿಕೊಂಡು ಬಿದ್ದಿತ್ತು. ಆ ಮಾತು ಮುಂದೆ ಬರುತ್ತದೆ.

1863 ಎನ್ನುವುದು ಮನುಷ್ಯನ ಪೂರ್ವಾಪರ ವಿಚಾರಿಸುವವರಿಗೆ ಸುಗ್ಗಿಯ ವರ್ಷ. ಲಂಡನ್ನಿನಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿ ನಿಸರ್ಗದಲ್ಲಿ ಮನುಷ್ಯನ ಸ್ಥಾನ ಯಾವುದು ಎಂದು ಚರ್ಚಿಸುವ ಪುಸ್ತಕ ಹೊರತಂದ. ಫ್ರಾನ್ಸಿನ ವೆಜೇರ್ ನದಿಯ ಸುಣ್ಣಕಲ್ಲಿನ ಗವಿಗಳಲ್ಲಿ ಲಾರ್ತೆ ಮತ್ತು ಕ್ರಿಸ್ಟಿ ಅಗೆತ ಶುರುಮಾಡಿದರು. ಅದೇ ಮೇ 30ರಂದು ಮದ್ರಾಸಿನ ಬಳಿ ಪಲ್ಲಾವರಂನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಎಂಬ ತರುಣ ಒಂದು ಕೈಗೊಡಲಿಯನ್ನು ಹೆಕ್ಕಿಕೊಂಡ. ಈ ದೇಶದಲ್ಲೂ ಹಳೆಯ ಶಿಲಾಯುಗದ ಮನುಷ್ಯ ಓಡಾಡಿದ್ದ ಎನ್ನಲು ಅದು ಮೊದಲ ಸಾಕ್ಷಿ.

ಆಮೇಲೆ ಫೂಟ್ ಕಲ್ಲಿನ ಉಪಕರಣಗಳನ್ನು ರಾಶಿ ರಾಶಿಯಾಗಿ ಕಂಡ. ಆದರೆ ಅವನ್ನು ಹಿಡಿದ ಕೈ ಕಾಣಲಿಲ್ಲ. ದಕ್ಷಿಣದ ಜಂಬಿಟ್ಟಿಗೆ ನೆಲದಲ್ಲಿ, ಕೆಮ್ಮಣ್ಣಿನಲ್ಲಿ ಎಲುಬು ಹೆಚ್ಚು ಕಾಲ ನಿಲ್ಲುವುದಿಲ್ಲ. ಆ ಮಣ್ಣಿನ ಹುಳಿ ಅದನ್ನು ತಿಂದುಹಾಕುತ್ತದೆ. ಯುರೋಪಿನಲ್ಲಾದರೋ ಗವಿಗಳ ಸುಣ್ಣದ ನೆಲ ಎಲುಬನ್ನು ಉಪ್ಪಿನಕಾಯಿ ಜಾಡಿಯಲ್ಲಿಟ್ಟಂತೆ ಕಾಪಾಡಿಕೊಟ್ಟಿತ್ತು. ಇಂಗ್ಲೆಂಡಿನ ಬ್ರಿಕ್ಸಂ ಗವಿಯಲ್ಲಿ 1858ರಲ್ಲೇ ಅಳಿದುಹೋದ ಪ್ರಾಣಿಗಳ ಎಲುಬಿನ ಜೊತೆಯಲ್ಲಿ ಮನುಷ್ಯ ಮಾಡಿದ ಕಲ್ಲಿನ ಅಲಗು ಸಿಕ್ಕಿದ್ದವು. ಭಾರತದ ಮನುಷ್ಯ ಎಲ್ಲಿ ಎಂಬ ಪ್ರಶ್ನೆಗೆ ಹಕ್ಸ್‌ಲಿಯ ಬಳಿ ಒಂದೇ ಉತ್ತರ: ಸುಣ್ಣಕಲ್ಲಿನ ಗವಿ ಅಗೆಯಿರಿ. ಮದ್ರಾಸಿನ ಗವರ್ನರ್ ಗ್ರಾಂಟ್ ಡಫ್‌ಗೆ ಅವನು ಈ ಸಲಹೆ ಕೊಟ್ಟ. ಯಾರ ಕೈಗೆ ವಹಿಸುವುದು ಎಂದು ಹೆಚ್ಚು ಹುಡುಕಬೇಕಾಗಲಿಲ್ಲ. ಫೂಟ್ ಇದ್ದನಲ್ಲ.

ನ್ಯೂಬೋಲ್ಡನ ಟಿಪ್ಪಣಿ ಹಿಡಿದುಕೊಂಡು ಫೂಟ್ ಬಿಲಸ್ವರ್ಗಕ್ಕೆ ಬಂದ. 1884ರಲ್ಲಿ ಮೊದಲ ವರದಿ ಅಚ್ಚಾಯಿತು. ಗವಿಗಳಿಗೆ ಹೆಸರಿಟ್ಟವನು ಅವನೇ. ಎತ್ತರದ ಚಾವಣಿಯದಕ್ಕೆ ಕೆಥೆಡ್ರಲ್, ಇನ್ನೊಂದಕ್ಕೆ ಚಾಪ್ಟರ್ ಹೌಸ್, ಒಂದಕ್ಕೆ ಪರ್ಗೆಟರಿ, ಎಲುಬು ತುಂಬಿದ್ದಕ್ಕೆ ಚಾರ್ನೆಲ್ ಹೌಸ್. ಇಗರ್ಜಿಯ ಆವರಣದಲ್ಲಿ ಸುತ್ತಾಡಿ ಬಂದವನ ಹೆಸರುಗಳು. ಚಾರ್ನೆಲ್ ಹೌಸ್ ಎಂದರೆ ಸತ್ತವರ ಎಲುಬು ಒಟ್ಟುವ ಮನೆ. ಪರ್ಗೆಟರಿಯಂತೂ ಸ್ವರ್ಗಕ್ಕೆ ಹೋಗುವ ಮುನ್ನ ಆತ್ಮ ತನ್ನ ಪಾಪ ತೊಳೆದುಕೊಳ್ಳುವ ಜಾಗ. ಊರವರು ಮೊದಲೇ ಸ್ವರ್ಗ ಎಂದು ಕರೆದಿದ್ದ ಕಮರಿಯಲ್ಲಿ ಈ ಹೆಸರು ಹೊಂದಿಕೊಂಡು ಕೂತಿತು.

ಅಗೆತ ಹೆಚ್ಚಾಗಿ ನಡೆಸಿದವನು ಫೂಟ್‌ನ ಮಗ ಹೆನ್ರಿ ಬ್ರೂಸ್ ಫೂಟ್, ರಾಯಲ್ ಆರ್ಟಿಲರಿಯಲ್ಲಿ ಲೆಫ್ಟಿನೆಂಟ್. ಅಪ್ಪನಿಗೆ ಸರ್ವೇ ಕೆಲಸದ ಹೊಣೆ ಇತ್ತು. ಮಗ ಗವಿಯಲ್ಲಿ ಕೂತು ಪದರ ಪದರವಾಗಿ ಮಣ್ಣು ತೆಗೆಸಿದ, ಅಪ್ಪ ಅದನ್ನು ವರದಿ ಮಾಡಿದ. 1884 ಮತ್ತು 1885ರ ವರದಿಗಳ ಶೀರ್ಷಿಕೆಯಲ್ಲೇ ಮಗನ ಹೆಸರಿದೆ. ತೋಪು ಹಾರಿಸಲು ಕಲಿತವನು ಕುಂಚ ಹಿಡಿದು ಹಲ್ಲು, ದವಡೆ ಒರೆಸುತ್ತ ಕೂತಿದ್ದನ್ನು ನೆನೆದರೆ ನಗು ಬರಬಹುದು. ಆದರೆ ಆ ಕಾಲದ ಭಾರತದಲ್ಲಿ ಅಷ್ಟು ಕ್ರಮವಾಗಿ ನಡೆದ ಗವಿ ಅಗೆತ ಬೇರೆ ಇಲ್ಲವೆಂದೇ ಹೇಳಬೇಕು.

ಸಿಕ್ಕಿದ್ದೇನು? ಎಲುಬು, ಎಲುಬು, ಎಲುಬು. ಅವುಗಳನ್ನೆಲ್ಲ ಪರೀಕ್ಷೆ ಮಾಡಿದ ರಿಚರ್ಡ್ ಲಿಡೆಕರ್ 1886ರಲ್ಲಿ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದ. ಈಗ ಆಂಧ್ರದಲ್ಲಿ ಎಲ್ಲೂ ಇಲ್ಲದ ಖಡ್ಗಮೃಗ ಅದರಲ್ಲಿತ್ತು. ಹೊಸ ಜಾತಿ ಎಂದುಕೊಂಡು ಅವನು ಅದಕ್ಕೆ ಕರ್ನೂಲಿನ ಹೆಸರನ್ನೇ ಸೇರಿಸಿ ರೈನೋಸೆರಸ್ ಕರ್ನೂಲಿಯೆನ್ಸಿಸ್ ಎಂದು ಕರೆದ. ಇಂದು ಆಫ್ರಿಕದಲ್ಲಿ ಮಾತ್ರ ಉಳಿದಿರುವ ಚುಕ್ಕೆಯ ಕತ್ತೆಕಿರುಬವೂ ಅವನ ಪಟ್ಟಿಯಲ್ಲಿದೆ. ಅಂಥ ಗುರುತುಗಳಲ್ಲಿ ಕೆಲವನ್ನು ಮುಂದಿನವರು ತಿದ್ದಿದರು.

ಹುಡುಕಿ ಹೋದ ಮನುಷ್ಯ ಮಾತ್ರ ಸಿಗಲಿಲ್ಲ. ಫ್ರಾನ್ಸಿನಲ್ಲಿ ಸಿಕ್ಕಂಥ ತಲೆಬುರುಡೆ ಇಲ್ಲ, ಕಲ್ಲಿನ ಉಪಕರಣವೂ ಇಲ್ಲ. ಕಲ್ಲಿನ ಉಪಕರಣ ಕಂಡುಹಿಡಿಯುವುದರಲ್ಲಿ ಭಾರತದಲ್ಲೇ ಹೆಸರಾದ ಮನುಷ್ಯನಿಗೆ ಇಂಥ ಜಾಗದಲ್ಲಿ ಅದೊಂದೇ ಸಿಗದೆ ಹೋದದ್ದು ಎಷ್ಟು ನೋಯಿಸಿರಬೇಡ! ಆದರೂ ಫೂಟ್ ಕೈ ಬಿಡಲಿಲ್ಲ. ಎಲುಬಿನ ರಾಶಿಯಲ್ಲಿ ಕೆಲವು ತುಂಡುಗಳನ್ನು ಬೇರ್ಪಡಿಸಿ, ಇವನ್ನು ಮನುಷ್ಯ ಕೆತ್ತಿದ್ದಾನೆ ಎಂದ. ದಬ್ಬಳ, ಬಾಣದ ಮೊನೆ, ಉಳಿ, ಹೆರೆಯುವ ಅಲಗು. ಫ್ರಾನ್ಸಿನ ಮಾದಲೆನ್ ತಾಣದಲ್ಲಿ ಸಿಕ್ಕ ಎಲುಬಿನ ಆಯುಧಗಳ ಜೊತೆ ಇವನ್ನು ಹೋಲಿಸಲಾಯಿತು.

ಇಲ್ಲಿ ಒಂದು ಪ್ರಾಣಿಯ ಮಾತು ಬರಬೇಕು. ಮುಳ್ಳುಹಂದಿಗೆ ಎಲುಬು ಕಡಿಯುವ ಚಾಳಿ. ಎಲ್ಲೋ ಸತ್ತ ದನದ, ಜಿಂಕೆಯ ಎಲುಬನ್ನು ಕಚ್ಚಿಕೊಂಡು ತನ್ನ ಬಿಲಕ್ಕೆ ಎಳೆದು ತಂದು, ಕೂತು ಕಡಿಯುತ್ತದೆ. ಸುಣ್ಣದ ಅಂಶಕ್ಕಾಗಿ, ಜೊತೆಗೆ ಬೆಳೆಯುತ್ತಲೇ ಇರುವ ಬಾಚಿಹಲ್ಲನ್ನು ಸವೆಸಲಿಕ್ಕಾಗಿ. ಅದು ಕಡಿದು ಬಿಟ್ಟ ಎಲುಬನ್ನು ಕೈಯಲ್ಲಿ ಹಿಡಿದು ನೋಡಿದರೆ ಅಂಚಿನುದ್ದಕ್ಕೂ ಅಗಲವಾದ, ಚಪ್ಪಟೆ ತಳದ ಗೀರುಗಳು ಒಂದರ ಪಕ್ಕ ಒಂದು ಸಾಲಾಗಿ, ಬಡಗಿ ಸಣ್ಣ ಉಳಿ ಹಿಡಿದು ಹೆರೆದಂತೆ ಕಾಣುತ್ತವೆ. ಕತ್ತೆಕಿರುಬದ ದವಡೆಗೆ ಸಿಕ್ಕ ಎಲುಬು ಇನ್ನೊಂದು ಬಗೆ: ತುದಿ ಮುರಿದು ಚೂಪಾಗಿ, ಅದರ ಹೊಟ್ಟೆಯ ಆಮ್ಲದಲ್ಲಿ ಹಾದು ಬಂದಿದ್ದರೆ ನುಣುಪಾಗಿಯೂ ಇರುತ್ತದೆ. ಮನುಷ್ಯ ಮಾಡಿದ್ದು ಯಾವುದು, ಮೃಗ ಮಾಡಿದ್ದು ಯಾವುದು ಎಂದು ಹೇಳುವುದು ಇಂದಿಗೂ ಸುಲಭವಲ್ಲ. ಫೂಟ್ ಆರಿಸಿಟ್ಟ ತುಂಡುಗಳನ್ನು ಮುಂದಿನವರು ಬಹುಕಾಲ ಅರೆಮನಸ್ಸಿನಿಂದಲೇ ನೋಡಿದರು. ಕಲ್ಲಿನ ಒಂದೇ ಒಂದು ಅಲಗು ಜೊತೆಗಿದ್ದಿದ್ದರೆ ಮಾತೇ ಬೇರೆ ಇರುತ್ತಿತ್ತು.

ಫೂಟ್ ಮುಂದೆ ತನ್ನ ಪಾಡಿಗೆ ಹೋದ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಕುರಿತ ಅವನ ದೊಡ್ಡ ಗ್ರಂಥ 1895ರಲ್ಲಿ ಬಂತು. ನಿವೃತ್ತಿಯ ಮೇಲೆ ಬರೋಡದಲ್ಲೂ ಮೈಸೂರು ಸಂಸ್ಥಾನದಲ್ಲೂ ಭೂವಿಜ್ಞಾನಿಯಾಗಿ ದುಡಿದ. 1912ರಲ್ಲಿ ತೀರಿಕೊಂಡ. ಬಿಲಸ್ವರ್ಗವನ್ನು ಎಲ್.ಎ. ಕ್ಯಾಮಿಯಾಡ್ ಎಂಬಾತ ಮತ್ತೊಮ್ಮೆ ಕೆದಕಿ 1927ರಲ್ಲಿ ಬರೆದ. ಅದು ದೊಡ್ಡ ಸುದ್ದಿಯಾಗಲಿಲ್ಲ.

ನಿಜವಾದ ತಿರುವು ಬಂದದ್ದು ಹುಣಸೆ ಮರದ ಗವಿಯಲ್ಲಿ. ತೆಲುಗಿನಲ್ಲಿ ಚಿಂತಮಾನು ಎಂದರೆ ಹುಣಸೆ ಮರ. ಗವಿಗೆ ಅಲ್ಲಿಯೂ ಗವಿ ಎಂದೇ ಹೆಸರು. ಅದೇ ಬೇತಂಚೆರ್ಲ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ 1970ರ ದಶಕದ ಆರಂಭದಲ್ಲಿ ಎಂ.ಎಲ್.ಕೆ. ಮೂರ್ತಿ ಅಗೆದರು. ಎಲುಬಿನ ಉಪಕರಣಗಳು ಸಿಕ್ಕವು, ಜೊತೆಗೆ ಕಲ್ಲಿನ ಅಲಗುಗಳೂ ಸಿಕ್ಕವು. ಫೂಟ್‌ಗೆ ಕೈಕೊಟ್ಟದ್ದು ಇಲ್ಲಿ ಕೈಗೂಡಿತು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಒಂದು ಒಲೆ. ಯಾರೋ ಬೆಂಕಿ ಹಾಕಿದ್ದ ಜಾಗದ ಸುಟ್ಟ ಮಣ್ಣನ್ನು ಉಷ್ಣದೀಪ್ತಿ ವಿಧಾನದಿಂದ ಅಳೆದಾಗ ಸುಮಾರು 17,000 ವರ್ಷ ಹಿಂದಿನದು ಎಂದು ಬಂತು. ಇದು 1983ರಲ್ಲಿ ಪ್ರಕಟವಾಯಿತು. ಹಕ್ಸ್‌ಲಿಗೂ ಫೂಟ್‌ಗೂ ಬೇಕಾಗಿದ್ದ ಮನುಷ್ಯ ಇದ್ದನೆಂಬುದು ಕೊನೆಗೆ ಗೊತ್ತಾದದ್ದು ಅವನ ತಲೆಬುರುಡೆಯಿಂದಲ್ಲ, ಆರಿದ ಒಲೆಯಿಂದ.

ಇಪ್ಪತ್ತೊಂದನೆಯ ಶತಮಾನದಲ್ಲಿ ಈ ಸೀಮೆಯ ಪುರಾತತ್ತ್ವ ಧಾರವಾಡದ ದಾರಿ ಹಿಡಿಯಿತು. ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಆಗ ಇಂಗ್ಲೆಂಡಿನಲ್ಲಿದ್ದ ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಬಿಲಸ್ವರ್ಗಕ್ಕೆ ದೂರವಲ್ಲದ ಜುರ್ರೇರು ಹಳ್ಳದ ಕಣಿವೆಯಲ್ಲಿ, ಜ್ವಾಲಾಪುರಂನಲ್ಲಿ ಅಗೆಯಿತು. ಅಲ್ಲಿ ಬೆಳ್ಳಗಿನ ಬೂದಿಯ ದಪ್ಪ ಪದರವಿದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಬಂಗಾಳ ಕೊಲ್ಲಿ ದಾಟಿ ಬಂದು ಬಿದ್ದ ಬೂದಿ. ನ್ಯೂಬೋಲ್ಡ್ ಬಳ್ಳಾರಿಯಲ್ಲಿ ಕಂಡೆನೆಂದುಕೊಂಡದ್ದು ಇಲ್ಲಿ ಇತ್ತು. ಸ್ಥಳೀಯರಿಗೆ ಅದು ಹೊಸದೇನಲ್ಲ, ಸಾಬೂನು ಪುಡಿಯಲ್ಲಿ ಬೆರೆಸಲೆಂದು ಅಗೆದು ಮಾರುತ್ತಿದ್ದರು. ಬೂದಿಯ ಕೆಳಗಿನ ಪದರದಲ್ಲೂ ಮೇಲಿನ ಪದರದಲ್ಲೂ ಹೆಚ್ಚುಕಡಿಮೆ ಒಂದೇ ತೆರನ ಕಲ್ಲಿನ ಉಪಕರಣ ಸಿಕ್ಕವು. ಅಷ್ಟು ದೊಡ್ಡ ಸ್ಫೋಟದ ನಂತರವೂ ಇಲ್ಲಿನ ಜನ ಬದುಕುಳಿದಿರಬೇಕು ಎಂಬ ವಾದವನ್ನು 2007ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಮುಂದಿಟ್ಟರು. ವಾದಕ್ಕೆ ಪ್ರತಿವಾದ ಬಂತು, ಅದು ಇನ್ನೂ ನಡೆದಿದೆ. ಅಲ್ಲಿಯದೇ ಒಂದು ಬಂಡೆಯಾಸರೆಯಲ್ಲಿ ಸಣ್ಣ ಕಲ್ಲಲಗುಗಳ ಬಳಕೆ 35,000 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದು 2009ರ ವರದಿ.

ಇದೇ ಬಳಗ ಫೂಟ್‌ನ ಹೆಜ್ಜೆ ಹಿಡಿದು ಬಿಲಸ್ವರ್ಗಕ್ಕೂ ಹೋಯಿತು. ಅಪ್ಪ ಮಕ್ಕಳು ಅಗೆದು ಬಿಟ್ಟ ಗುಂಡಿಯ ಅಂಚಿನಲ್ಲಿ ಪದರಗಳನ್ನು ಮತ್ತೆ ಕೆರೆದು, ಈ ಸಲ ಕಾಲ ಅಳೆಯುವ ಹೊಸ ವಿಧಾನಗಳನ್ನು ಹಚ್ಚಿದರು. 2014ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಫಲಿತಾಂಶ, ಮನುಷ್ಯನಿಗಿಂತ ಹೆಚ್ಚಾಗಿ ಮೃಗಗಳ ಮಾತಾಡಿತು. ಹಿಂದಿನ ಹಿಮಯುಗದ ಕೊನೆಗೆ ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದೊಡ್ಡ ಪ್ರಾಣಿಗಳು ಸಾಲುಸಾಲಾಗಿ ಅಳಿದವು. ಬಿಲಸ್ವರ್ಗದ ಪದರಗಳಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಇಂದಿಗೂ ಬದುಕಿವೆ. ಕಡಿಮೆಯೆಂದರೂ ಒಂದು ಲಕ್ಷ ವರ್ಷ, ಕೆಲವಂತೂ ಎರಡು ಲಕ್ಷ ವರ್ಷ ಹಿಂದಿನಿಂದ. ಕೆಲವು ಈ ಸೀಮೆ ಬಿಟ್ಟು ಬೇರೆಡೆ ಹೋಗಿರಬಹುದು, ಉಪಖಂಡದಿಂದ ಅಳಿಸಿಹೋಗಲಿಲ್ಲ. ಕಾಡು, ಬಯಲು, ಹುಲ್ಲು, ನೀರು ಒತ್ತೊತ್ತಿಗೆ ಕಲಸಿಕೊಂಡಿದ್ದ ಈ ನೆಲದಲ್ಲಿ ಒಂದು ಕಡೆ ಕಷ್ಟವಾದರೆ ಪಕ್ಕಕ್ಕೆ ಸರಿಯಲು ಅವಕ್ಕೆ ಜಾಗವಿತ್ತು ಎನ್ನುವುದು ತಂಡದ ವಿವರಣೆ. ಯುರೋಪಿನ ಗವಿಗಳನ್ನು ತಲೆಯಲ್ಲಿಟ್ಟುಕೊಂಡು ಬಂದ ಫೂಟ್‌ಗೆ ನಿರಾಸೆ ತಂದ ಎಲುಬಿನ ರಾಶಿಯೇ, ಯುರೋಪಿಗಿಂತ ಬೇರೆಯಾದ ಕಥೆಯೊಂದನ್ನು 130 ವರ್ಷ ತಡವಾಗಿ ಹೇಳಿತು.

ಬಿಲಸ್ವರ್ಗ ನೋಡಿ ಬರುವ ಕನ್ನಡಿಗರು ವಾಪಸಾಗುವಾಗ ಬಳ್ಳಾರಿಯಲ್ಲಿ ಇಳಿದರೆ ಒಂದು ಒಳ್ಳೆಯ ಜಾಗವಿದೆ. ಕೋರಿಶೆಟ್ಟರ್ ಅವರ ಮುತುವರ್ಜಿಯಿಂದ ರೂಪುಗೊಂಡ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯ. ಪಲ್ಲಾವರಂನಲ್ಲಿ ಕೈಗೊಡಲಿ ಹೆಕ್ಕಿದವನ ಹೆಸರು ಬಳ್ಳಾರಿಯ ಬಾಗಿಲ ಮೇಲಿದೆ. ಇನ್ನೂ ಬಡಗಣಕ್ಕೆ ಹೋಗುವ ಮನಸ್ಸಿದ್ದರೆ ಯಾದಗಿರಿ ಜಿಲ್ಲೆಯ ಇಸಾಂಪುರ. ಕೆ. ಪದ್ದಯ್ಯ ಅಗೆದ ಆ ತಾಣದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದೆಯೇ ಜನ ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದರೆಂದು ಅಂದಾಜು. ಸುಣ್ಣಕಲ್ಲು ನಮ್ಮಲ್ಲೂ ಉಂಟು, ಶಹಾಬಾದಿ ಹಾಸುಗಲ್ಲು ಅದೇ ಜಾತಿಯದು. ಬಿಲಸ್ವರ್ಗದಂಥ ಕಮರಿ ಮಾತ್ರ ಗಡಿಯಾಚೆ ಉಳಿಯಿತು.

ಕಮರಿಯೊಳಗೆ ಇಳಿದವರು ಗವಿಯ ಗೋಡೆಯನ್ನು ಒಂದಿಷ್ಟು ಹೊತ್ತು ನೋಡಬೇಕು, ಮುಟ್ಟದೆ. ಕೆಂಪು ಮಣ್ಣು, ಸುಣ್ಣ, ಕಲ್ಲಿನ ಚೂರು ಬೆರೆತು ಗಾರೆಯಂತೆ ಗಟ್ಟಿಯಾದ ಪಟ್ಟೆಗಳು ಕಾಣುತ್ತವೆ. ನ್ಯೂಬೋಲ್ಡನ ಕಣ್ಣಿಗೆ ಬಿದ್ದದ್ದು ಇಂಥ ಗಾರೆಯಲ್ಲಿ ಹುದುಗಿದ್ದ ಎಲುಬು. ಈ ಸೀಮೆಯ ಗುಡ್ಡಗಳಲ್ಲಿ ಖಡ್ಗಮೃಗವಿಲ್ಲ, ಮುಳ್ಳುಹಂದಿ ಇದೆ. ಕತ್ತಲಾದ ಮೇಲೆ ಅದು ಹೊರಡುತ್ತದೆ, ಎಲ್ಲಾದರೂ ಬಿದ್ದ ದನದ ಎಲುಬು ಸಿಕ್ಕರೆ ಬಾಯಲ್ಲಿ ಕಚ್ಚಿಕೊಂಡು ಗವಿಯ ಕಡೆ ನಡೆಯುತ್ತದೆ.